ವಾರ್ಡ್ ಮಟ್ಟದಲ್ಲಿ ಡೆಂಗಿ ಹರಡುವ ಜಾಡು ಹಿಡಿಯೋದು ಹೇಗೆ? (ಬೆಂಗಳೂರು)

ಬಡಾವಣೆ_ಬಳಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ದಕ್ಷಿಣ ಭಾಗದ ಒಂದು ವಾರ್ಡಿನಲ್ಲಿ ನಿವಾಸಿ ಸಂಘಗಳೆಲ್ಲ ಸೇರಿ ಈ ಮಳೆಗಾಲಕ್ಕೆ ಡೆಂಗಿ ಲೆಕ್ಕ ಇಡೋಣ ಅಂತ ಹೊರಟಿದ್ದೇವೆ. ಸುಮಾರು 9,000 ಮನೆ. ಅದರಲ್ಲಿ ಒಂದಿಷ್ಟು ಅಪಾರ್ಟ್‌ಮೆಂಟು, ಪಿಜಿಗಳೇ ತುಂಬಿರೋ ಎರಡು ಬೀದಿ, ಓಣಿಗಳಿರೋ ಹಳೇ ಊರಿನ ಭಾಗ, ಮೂರು ದೊಡ್ಡ ಕಟ್ಟಡ ಕಾಮಗಾರಿ. ಸ್ವಯಂಸೇವಕರು 25 ಜನ ಇದ್ದಾರೆ.

ಸದ್ಯಕ್ಕೆ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮನೇಲೂ ಡೆಂಗಿ’ ಅಂತ ಮೆಸೇಜ್ ಬಂದ ಕೂಡಲೇ ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕ್ತಿದ್ದೇವೆ. ನಕ್ಷೆ ತುಂಬ ಕೆಂಪು ಚುಕ್ಕೆ ಆಗಿದೆ, ಆದರೆ ಮುಂದಿನ ವಾರ ಯಾವ ಬೀದಿಗೆ ಹೋಗಬೇಕು ಅಂತ ಅದು ಹೇಳ್ತಿಲ್ಲ. ಒಂದೊಂದು ಪ್ರಕರಣಕ್ಕೂ ಏನೇನು ಬರೆದಿಡಬೇಕು? ಕಾರ್ಡ್ ಟೆಸ್ಟ್ (ಬೇಗ ಫಲಿತಾಂಶ ಕೊಡೋ ಕಿಟ್) ಪಾಸಿಟಿವ್ ಬಂದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಾ? ಎಷ್ಟು ಕೇಸ್ ಆದರೆ ‘ಇಲ್ಲಿ ಹರಡ್ತಿದೆ’ ಅನ್ನಬಹುದು? ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆಯನ್ನ ನಾವೇ ಮಾಡಬಹುದಾ?

ಜ್ವರದ_ಲೆಕ್ಕ

ನಿಮ್ಮ ನಕ್ಷೆಯಲ್ಲಿ ಚುಕ್ಕೆ ಕೂರುವುದು ಸುದ್ದಿ ಬಂದ ದಿನ. ಬೇಕಾದದ್ದು ಜ್ವರ ಶುರುವಾದ ದಿನ. ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ಗೋಜಲು ಬಿಡುತ್ತದೆ.

ಒಂದು ಸಾಲು ಬಿಡಿಸಿ ನೋಡೋಣ. ಜ್ವರ ಶುರು ಜುಲೈ 3. ರಕ್ತ ಕೊಟ್ಟದ್ದು ಜುಲೈ 8. ನಿಮ್ಮ ಗುಂಪಿಗೆ ಮೆಸೇಜ್ ಬಂದದ್ದು ಜುಲೈ 12. ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು 4ರಿಂದ 10 ದಿನ ಬೇಕು. ಅಂದರೆ ಈ ವ್ಯಕ್ತಿಗೆ ಸೋಂಕು ತಗುಲಿದ್ದು ಜೂನ್ 23ರಿಂದ 29ರ ನಡುವೆ ಎಲ್ಲೋ. ಇದು ಹಿಂದಿನ ಕಥೆ. ಮುಂದಿನದು ಇನ್ನೂ ಮುಖ್ಯ. ಜ್ವರಕ್ಕೆ ಒಂದು ದಿನ ಮೊದಲಿಂದ ಹಿಡಿದು ಸುಮಾರು ಐದನೇ ದಿನದವರೆಗೆ ರಕ್ತದಲ್ಲಿ ವೈರಸ್ ಇರುತ್ತದೆ, ಅಂದರೆ ಜುಲೈ 2ರಿಂದ 8. ಆ ದಿನಗಳಲ್ಲಿ ಇವರನ್ನು ಕಚ್ಚಿದ ಈಡಿಸ್ (ಡೆಂಗಿ ಹರಡುವ ಜಾತಿ) ಸೊಳ್ಳೆಯ ಮೈಯಲ್ಲಿ ವೈರಸ್ ಬಲಿಯಲು 8ರಿಂದ 12 ದಿನ ಹಿಡಿಯುತ್ತದೆ. ಹಾಗಾಗಿ ಆ ಸೊಳ್ಳೆಗಳು ಬೇರೆಯವರಿಗೆ ಅಂಟಿಸಲು ತಯಾರಾಗುವುದು ಜುಲೈ 10ರಿಂದ 20ರೊಳಗೆ. ಮೆಸೇಜ್ ಬಂದ ದಿನ ‘ರೋಗಿ ಆಗಲೇ ಗುಣವಾದರು, ಇನ್ನೇನು’ ಅಂತ ಬಿಟ್ಟುಬಿಡುತ್ತಾರಲ್ಲ, ಸರಿಯಾಗಿ ಅದೇ ಹೊತ್ತಿಗೆ ಆ ಮನೆಯ ಸುತ್ತ ಅಪಾಯ ಶುರುವಾಗಿರುತ್ತದೆ. ಮೆಸೇಜ್ ತಡವಾಗಿ ಬಂದರೂ ಬೀದಿಗೆ ಹೋಗುವುದು ವ್ಯರ್ಥವಲ್ಲ, ಆದರೆ ಎರಡು ದಿನದೊಳಗೆ ಹೋಗಬೇಕು.

ಇದೇ ಲೆಕ್ಕದಿಂದ ಇನ್ನೊಂದು ಉಪಯೋಗ. ಒಬ್ಬ ರೋಗಿಯಿಂದ ಸೊಳ್ಳೆಯ ಮೂಲಕ ಇನ್ನೊಬ್ಬರಿಗೆ ಬರಬೇಕಾದರೆ ಇಬ್ಬರ ಜ್ವರದ ದಿನಗಳ ನಡುವೆ ಕಡಿಮೆ ಅಂದರೂ 11 ದಿನ ಇರಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಪಕ್ಕದ ಮನೆಯಲ್ಲಿ ಐದೇ ದಿನಕ್ಕೆ ಇನ್ನೊಂದು ಕೇಸ್ ಬಂದರೆ ಮೊದಲನೆಯವರಿಂದ ಬಂತು ಅಂತ ತಿಳಿಯಬೇಡಿ. ಇಬ್ಬರಿಗೂ ಅದಕ್ಕೂ ಹಿಂದಿನ ಒಂದೇ ಮೂಲದಿಂದ ಬಂದಿರಬಹುದು, ಆ ಮೂಲ ನಿಮ್ಮ ಪಟ್ಟಿಯಲ್ಲಿ ಇಲ್ಲದಿರಬಹುದು. ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಜ್ವರವೇ ಬರುವುದಿಲ್ಲ ಅಥವಾ ಬಂದರೂ ಗಮನಕ್ಕೆ ಬಾರದಷ್ಟು ಸಣ್ಣದಾಗಿರುತ್ತದೆ. ಹಾಗಾಗಿ ಡೆಂಗಿಯಲ್ಲಿ ಇವರಿಂದ ಇವರಿಗೆ ಅಂತ ಬಾಣ ಎಳೆಯುವ ಆಸೆ ಬಿಡಿ. ಬೀದಿ ಮತ್ತು ವಾರ, ಇವೆರಡು ಹಿಡಿತಕ್ಕೆ ಸಿಕ್ಕರೆ ಸಾಕು.

ಮನೆ ವಿಳಾಸದ ಜೊತೆಗೆ ‘ಜ್ವರಕ್ಕೆ ಹಿಂದಿನ ಎರಡು ವಾರ ಹಗಲು ಹೊತ್ತು ಎಲ್ಲಿರುತ್ತಿದ್ದಿರಿ’ ಅಂತ ಕೇಳಲೇಬೇಕು. ಈಡಿಸ್ ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆಗೆ ಮುಂಚೆ. ಶಾಲೆ, ಗಾರ್ಮೆಂಟ್ಸ್, ಆಫೀಸು, ಕಟ್ಟಡ ಕೆಲಸದ ಜಾಗ. ಮೂರು ಬೇರೆ ಬೇರೆ ಬೀದಿಯ ಮೂರು ಮಕ್ಕಳು ಒಂದೇ ಶಾಲೆಯವರಾಗಿದ್ದರೆ ಮನೆ ವಿಳಾಸದ ನಕ್ಷೆಯಲ್ಲಿ ಅದು ಎಂದೂ ಕಾಣುವುದಿಲ್ಲ. ಆ ಎರಡು ವಾರದಲ್ಲಿ ಬೇರೆ ಊರಿಗೆ ಹೋಗಿದ್ದರಾ ಅನ್ನುವುದೂ ಇರಲಿ.

ಲ್ಯಾಬ್_ಮೇಜು

ಕಾರ್ಡ್ ಟೆಸ್ಟಿನ ಬಗ್ಗೆ. ಬರೆದಿಡಿ, ಆದರೆ ಬೇರೆ ಕಾಲಮ್ಮಿನಲ್ಲಿ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎಲೈಸಾ (ಲ್ಯಾಬಿನಲ್ಲಿ ಪ್ಲೇಟಿನ ಮೇಲೆ ಮಾಡುವ ರಕ್ತ ಪರೀಕ್ಷೆ) ವಿಧಾನದ ಎನ್‌ಎಸ್‌1 (ವೈರಸ್ಸಿನದೇ ಪ್ರೋಟೀನು) ಅಥವಾ ಐಜಿಎಂ (ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ) ಪಾಸಿಟಿವ್ ಬಂದರೆ ಮಾತ್ರ ಖಚಿತ ಪ್ರಕರಣ. ಕಾರ್ಡ್ ಪಾಸಿಟಿವ್ ಅಂದರೆ ಸಂಭಾವ್ಯ, ಅಷ್ಟೇ. ನಿಮ್ಮ ಸಂಖ್ಯೆಗೂ ಪಾಲಿಕೆಯ ಸಂಖ್ಯೆಗೂ ತಾಳೆಯಾಗದೆ ಜಗಳ ಹುಟ್ಟುವುದು ಬಹಳ ಸಲ ಇಲ್ಲೇ.

ಜ್ವರದ ಎಷ್ಟನೇ ದಿನ ರಕ್ತ ತೆಗೆದರು ಅನ್ನೋದು ಗೊತ್ತಿಲ್ಲದೆ ಯಾವ ವರದಿಯನ್ನೂ ಓದೋಕಾಗಲ್ಲ. ಮೊದಲ ಐದು ದಿನಕ್ಕೆ ಎನ್‌ಎಸ್‌1, ಆಮೇಲೆ ಐಜಿಎಂ. ಎರಡನೇ ದಿನ ಐಜಿಎಂ ನೆಗೆಟಿವ್ ಬಂದರೆ ಅದರಿಂದ ಏನೂ ತೀರ್ಮಾನವಾಗಲ್ಲ. ಎಂಟನೇ ದಿನ ಎನ್‌ಎಸ್‌1 ನೆಗೆಟಿವ್ ಬಂದರೂ ಅಷ್ಟೇ. ಹಿಂದೆ ಒಮ್ಮೆ ಡೆಂಗಿ ಆದವರಿಗೆ ಎರಡನೇ ಸಲ ಬಂದಾಗ ಎನ್‌ಎಸ್‌1 ಇನ್ನೂ ಬೇಗ ಮಾಯವಾಗುತ್ತೆ, ಮತ್ತು ಜೋರಾಗುವ ಅಪಾಯ ಹೆಚ್ಚಿರೋದೂ ಅವರಿಗೇ.

ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುತ್ತೆ. ಸೆಪ್ಟೆಂಬರಿನಲ್ಲಿ ಬೇರೆ ಯಾವುದೋ ಜ್ವರಕ್ಕೆ ಪರೀಕ್ಷೆ ಮಾಡಿಸಿದವರಿಗೆ ಜುಲೈ ತಿಂಗಳ ಡೆಂಗಿಯ ಐಜಿಎಂ ಸಿಗಬಹುದು. ಕಾರ್ಡಿನಲ್ಲಿ ಐಜಿಜಿ (ದೀರ್ಘಕಾಲ ಉಳಿಯುವ ಪ್ರತಿಕಾಯ) ಗೆರೆ ಮಾತ್ರ ಬಂದಿದ್ದರೆ ಅದು ಹಳೇ ಸೋಂಕಿನ ಗುರುತೂ ಆಗಿರಬಹುದು, ಅದನ್ನ ಈ ವಾರದ ಲೆಕ್ಕಕ್ಕೆ ಸೇರಿಸಬೇಡಿ. ದಯವಿಟ್ಟು ‘ಡೆಂಗಿ ಪಾಸಿಟಿವ್’ ಅಂತ ಒಂದೇ ಪದ ಬರೆದು ಬಿಡಬೇಡಿ. ವರದಿಯ ಫೋಟೋ ನೋಡಿ ಯಾವ ಪರೀಕ್ಷೆ, ಯಾವ ವಿಧಾನ, ಯಾವ ದಿನ, ಮೂರನ್ನೂ ಬರೆಯಿರಿ.

ಎಲೈಸಾ ತಡ ಯಾಕೆ ಅಂತ ಜನ ಕೇಳ್ತಾರೆ. ಒಂದು ಪ್ಲೇಟಿನಲ್ಲಿ 96 ಕುಳಿ ಇರುತ್ತವೆ. ಮೂರೇ ಸ್ಯಾಂಪಲ್ಲಿಗೆ ಕಿಟ್ ಬಿಚ್ಚೋಕೆ ಸಣ್ಣ ಲ್ಯಾಬುಗಳಿಗೆ ಗಿಟ್ಟಲ್ಲ, ಹಾಗಾಗಿ ಸೀರಂ ಬೇರ್ಪಡಿಸಿ 2ರಿಂದ 8 ಡಿಗ್ರಿಯಲ್ಲಿಟ್ಟು ಸ್ಯಾಂಪಲ್ ಕೂಡುವವರೆಗೆ ಕಾಯ್ತಾರೆ. ದರದ ವಿಷಯ: 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಎಲೈಸಾ ಎನ್‌ಎಸ್‌1ಗೆ 300 ರೂ., ಐಜಿಎಂಗೆ 300 ರೂ., ಕಾರ್ಡ್ ಪರೀಕ್ಷೆಗೆ 250 ರೂ. ಮಿತಿ ಹಾಕಿತ್ತು. ಕಾರ್ಡಿಗೆ 50 ರೂ. ಸೇರಿಸಿದರೆ ಎಲೈಸಾ ಆಗುತ್ತೆ ಅಂತ ನಿಮ್ಮ ಗುಂಪಿನಲ್ಲಿ ಹೇಳಿ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಹೋದರೆ ಖರ್ಚಿಲ್ಲ.

ಚಿಕೂನ್‌ಗುನ್ಯಾ ವರದಿಗಳನ್ನೂ ಅದೇ ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಇಡಿ. ಸೊಳ್ಳೆ ಒಂದೇ, ಹೋಗಬೇಕಾದ ಬೀದಿಯೂ ಒಂದೇ.

ನಕ್ಷೆಗಾರ

ವಾರ್ಡಿನ ಗಡಿ ಇಟ್ಕೊಂಡು ಬಣ್ಣ ತುಂಬ್ಬೇಡಿ. 2011ರ ಜನಗಣತಿ ನಡೆದಾಗ ಇದ್ದದ್ದು 198 ವಾರ್ಡು. 2022ರಲ್ಲಿ 243 ಅಂದ್ರು, 2023ರಲ್ಲಿ 225 ಆಯ್ತು, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆ ಆದ್ಮೇಲೆ ಮತ್ತೆ ಹೊಸ ಗಡಿ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸೋಕಾಗಲ್ಲ, ‘10,000 ಜನಕ್ಕೆ ಇಷ್ಟು’ ಅನ್ನೋಕೆ ನಂಬೋಂಥ ಜನಸಂಖ್ಯೆಯೂ ಇಲ್ಲ. 200 ಮೀಟರ್ ಉದ್ದಗಲದ ಚೌಕ ಹಾಕ್ಕೊಳ್ಳಿ. ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರಲ್ಲಿ ಉಚಿತವಾಗಿ ಆಗುತ್ತೆ. ಗಡಿ ಎಷ್ಟು ಸಲ ಬದಲಾದ್ರೂ ಚೌಕ ಅಲ್ಲೇ ಇರುತ್ತೆ. ಒಂದೊಂದು ಚೌಕದಲ್ಲಿ ಎಷ್ಟು ಮನೆ ಅನ್ನೋದನ್ನ ಒಂದು ಸಲ ನಡೆದು ಎಣಿಸಿ ಇಟ್ಟುಬಿಡಿ, 25 ಜನಕ್ಕೆ ಅದೇನೂ ದೊಡ್ಡ ಕೆಲಸ ಅಲ್ಲ.

ತಪ್ಪಾಗೋ ಜಾಗ ಹೇಳ್ತೀನಿ. ವಿಳಾಸ ಸರಿಯಾಗಿ ಇಲ್ಲದಿದ್ರೆ ಗೂಗಲ್ ಮ್ಯಾಪು ಬಡಾವಣೆಯ ನಡುಮಧ್ಯಕ್ಕೆ ಪಿನ್ ಬಿಡುತ್ತೆ. ಹತ್ತು ಪಿನ್ನು ಒಂದೇ ಪಾರ್ಕಿನ ಮೇಲೆ ಕೂತಿದ್ರೆ ಅಲ್ಲೇನೂ ಡೆಂಗಿ ಇಲ್ಲ, ‘3ನೇ ಕ್ರಾಸ್’ ಅಂತ ಮಾತ್ರ ಬರೆದಿರೋ ಹತ್ತು ವಿಳಾಸ ಇದೆ ಅಂತ ಅರ್ಥ. ಪಟ್ಟಿ ಆಸ್ಪತ್ರೆ ಮೂಲಕ ಬಂದಿದ್ರೆ ರೋಗಿಯ ವಿಳಾಸದ ಬದಲು ಆಸ್ಪತ್ರೆ ವಿಳಾಸ ಹೊಕ್ಕಿರುತ್ತೆ. ಅಕ್ಷಾಂಶ ರೇಖಾಂಶ ಐದು ದಶಾಂಶದವರೆಗೂ ಒಂದೇ ಆಗಿರೋ ಸಾಲುಗಳನ್ನ ಮೊದಲು ಸೋಸಿ. ಅಪಾರ್ಟ್‌ಮೆಂಟಲ್ಲಿ ಬ್ಲಾಕು, ಮಹಡಿ ಬೇರೆ ಬರೆಯಿರಿ, 200 ಫ್ಲಾಟಿಗೂ ಒಂದೇ ಪಿನ್ ಆದ್ರೆ ಏನೂ ಗೊತ್ತಾಗಲ್ಲ.

ಡಬಲ್ ಎಂಟ್ರಿ ತುಂಬ ಬರುತ್ತೆ. ಕ್ಲಿನಿಕ್ಕಲ್ಲಿ ಎನ್‌ಎಸ್‌1, ನಾಲ್ಕು ದಿನ ಬಿಟ್ಟು ಆಸ್ಪತ್ರೇಲಿ ಐಜಿಎಂ, ಒಬ್ಬರೇ ಎರಡು ಕೇಸಾಗ್ತಾರೆ. ಫೋನ್ ನಂಬರ್ ಒಂದನ್ನೇ ನಂಬಿ ಅಳಿಸಬೇಡಿ, ಮನೆಯವರೆಲ್ಲರಿಗೂ ಒಂದೇ ನಂಬರ್ ಕೊಟ್ಟಿರ್ತಾರೆ. ನಂಬರು, ವಯಸ್ಸು, ಹೆಣ್ಣೋ ಗಂಡೋ, ಜ್ವರದ ದಿನ ನಾಲ್ಕೂ ಸೇರಿಸಿ ನೋಡಿ.

ಕೊನೇ 10 ದಿನದ ಗ್ರಾಫನ್ನ ಬೂದು ಬಣ್ಣದಲ್ಲಿ ಹಾಕಿ. ಜ್ವರದ ದಿನದ ಪ್ರಕಾರ ಎಣಿಸಿದ್ರೆ ಇತ್ತೀಚಿನ ದಿನಗಳು ಯಾವಾಗ್ಲೂ ಕಡಿಮೆಯಾದಂಗೆ ಕಾಣುತ್ತೆ, ಯಾಕಂದ್ರೆ ಈಗ ಜ್ವರ ಬಂದವರ ವರದಿ ಇನ್ನೂ ಬಂದಿಲ್ಲ. ಅದನ್ನ ನೋಡಿ ‘ಇಳೀತಿದೆ’ ಅಂತ ಸಂಘದ ಮೀಟಿಂಗಲ್ಲಿ ಹೇಳಿಬಿಟ್ರೆ ಕೆಲಸ ನಿಲ್ಲಿಸಿಬಿಡ್ತಾರೆ.

ಇನ್ನೊಂದು, ಇದನ್ನ ತುಂಬ ಗಟ್ಟಿಯಾಗಿ ಹೇಳ್ತೀನಿ: ಮನೆ ಮಟ್ಟದ ಪಿನ್ನಿರೋ ನಕ್ಷೆಯನ್ನ ಗುಂಪಿಗೆ ಹಾಕಬೇಡಿ. ಈಗ ಹಾಕಿರೋದನ್ನ ಇವತ್ತೇ ತೆಗೆಯಿರಿ. ಬಾಡಿಗೆಯವರನ್ನ, ಪಿಜಿ ಹುಡುಗರನ್ನ ಮನೆ ಖಾಲಿ ಮಾಡಿಸೋಕೆ ಅಷ್ಟು ಸಾಕು. ಆಮೇಲೆ ಯಾರೂ ಜ್ವರ ಅಂತ ಹೇಳಲ್ಲ. ಹೆಸರು, ನಂಬರು ಇಬ್ಬರು ಮೂವರ ಹತ್ರ ಮಾತ್ರ, ಎಲ್ಲರಿಗೂ ಕಾಣೋದು ಚೌಕದ ಬಣ್ಣ ಮಾತ್ರ.

ಬಡಾವಣೆ_ಬಳಗ

ತುಂಬ ಧನ್ಯವಾದ. ಪಿನ್ ನಕ್ಷೆ ಗುಂಪಿನಿಂದ ತೆಗೆಸಿದ್ದೇವೆ. ಆದರೂ ಎಷ್ಟು ಕೇಸ್ ಆದರೆ ಓಡಬೇಕು ಅನ್ನೋದು ಸ್ಪಷ್ಟವಾಗಲಿಲ್ಲ. ಲಾರ್ವಾ ಬಗ್ಗೆ ಗೊತ್ತಿರೋರು ಯಾರಾದರೂ ಹೇಳಿ.

ಜ್ವರದ_ಲೆಕ್ಕ

ಸಿಂಗಪುರದ ಪರಿಸರ ಸಂಸ್ಥೆ ಬಳಸುವ ಅಳತೆ ಸರಳವಾಗಿದೆ: 150 ಮೀಟರ್ ಒಳಗೆ, 14 ದಿನದೊಳಗೆ ಜ್ವರ ಶುರುವಾದ ಎರಡು ಪ್ರಕರಣ ಇದ್ದರೆ ಅದೊಂದು ಗುಂಪು. ಹೊಸ ಪ್ರಕರಣ ಇಲ್ಲದೆ 14 ದಿನ ಕಳೆದರೆ ಗುಂಪು ಮುಚ್ಚಿದಂತೆ. ಅಲ್ಲಿ ಪರೀಕ್ಷೆ ಮಾಡಿಸುವವರೂ ವರದಿಯಾಗುವುದೂ ಹೆಚ್ಚು. ನಮ್ಮಲ್ಲಿ ಎರಡು ಪ್ರಕರಣ ಕಣ್ಣಿಗೆ ಬಿದ್ದಿವೆ ಅಂದರೆ ಹಿಂದೆ ಇನ್ನೂ ಇವೆ ಅಂತಲೇ ಹಿಡಿಯಬೇಕು. ಹಾಗಾಗಿ ಒಂದು ಖಚಿತ ಪ್ರಕರಣಕ್ಕೆ ಸುತ್ತಲ 100 ಮೀಟರ್ ನೋಡಿ ಬನ್ನಿ. ಎರಡಾದರೆ ಇಡೀ ಚೌಕ ಮತ್ತು ಅದಕ್ಕೆ ತಾಗಿದ ಚೌಕಗಳು.

ಅಲ್ಲಿ ಹೋದಾಗ ಮನೆಮನೆಯಲ್ಲೂ ‘ಕಳೆದ 15 ದಿನದಲ್ಲಿ ಯಾರಿಗಾದರೂ ಜ್ವರ ಬಂದಿತ್ತಾ’ ಅಂತ ಕೇಳಿ. ಪರೀಕ್ಷೆ ಮಾಡಿಸದೆ ಡೋಲೊ ನುಂಗಿ ಮಲಗಿದ್ದವರು ಸಿಗುವುದು ಈ ಪ್ರಶ್ನೆಗೆ ಮಾತ್ರ. ಈಗಲೂ ಜ್ವರ ಇರುವವರನ್ನು ಪರೀಕ್ಷೆಗೆ ಕಳಿಸಿ, ಮತ್ತು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಲು ಹೇಳಿ. ರೋಗಿಗೆ ಪರದೆ ಹಾಕುವುದರಿಂದ ಉಳಿಯುವವರು ಅಕ್ಕಪಕ್ಕದವರು.

ನಿಮ್ಮ ಪಟ್ಟಿ ನಿಮ್ಮಲ್ಲೇ ಉಳಿಯಬಾರದು. ಡೆಂಗಿ ಕಡ್ಡಾಯವಾಗಿ ವರದಿಯಾಗಬೇಕಾದ ರೋಗ, 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಇದನ್ನು ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ತಂದಿದೆ. ಆಸ್ಪತ್ರೆ, ಲ್ಯಾಬುಗಳು ಸರ್ಕಾರದ ರೋಗ ವರದಿಯ ಐಎಚ್‌ಐಪಿ ಪೋರ್ಟಲಿಗೆ ಹಾಕುತ್ತವೆ: ಕ್ಷೇತ್ರ ಸಿಬ್ಬಂದಿಯದು ಎಸ್ ನಮೂನೆ, ವೈದ್ಯರದು ಪಿ, ಲ್ಯಾಬಿನದು ಎಲ್. ಸಂಘಗಳಿಗೆ ಅದರೊಳಗೆ ಪ್ರವೇಶ ಇಲ್ಲ. ಆದರೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಪ್ರತಿ ಸೋಮವಾರ ನಿಮ್ಮ ಚೌಕದ ಪಟ್ಟಿ ಕೊಟ್ಟರೆ ಅವರ ಎಲ್ ನಮೂನೆಯ ಸಾಲುಗಳ ಜೊತೆ ತಾಳೆ ನೋಡಬಹುದು. ಆಶಾ ಕಾರ್ಯಕರ್ತೆಯರನ್ನು ಮೊದಲ ದಿನದಿಂದಲೇ ಜೊತೆಗೆ ಕರೆದುಕೊಳ್ಳಿ. ಹಳೇ ಊರಿನ ಭಾಗದಲ್ಲಿ ಬಾಗಿಲು ತೆರೆಯುವುದು ಅವರಿಗೇ.

ಕೀಟ_ವೀಕ್ಷಣೆ

ಲಾರ್ವಾ ಸಮೀಕ್ಷೆ ಧಾರಾಳವಾಗಿ ನೀವೇ ಮಾಡಬಹುದು. ಬೇಕಾದದ್ದು ಒಳ್ಳೇ ಟಾರ್ಚು, ಉದ್ದ ಹಿಡಿಯ ಸೌಟು, ಬಿಳೀ ತಟ್ಟೆ, ಇಂಕ್ ಫಿಲ್ಲರು. ಮುಚ್ಚಳ ತೆಗೆದ ಕೂಡಲೇ ಸೌಟು ಅದ್ದಬೇಡಿ. ನೆರಳು ಬಿದ್ದರೆ, ನೀರು ಅಲುಗಿದರೆ ಈಡಿಸ್ ಮರಿಗಳು ತಳಕ್ಕೆ ಇಳಿದುಬಿಡ್ತವೆ. ಒಂದೆರಡು ನಿಮಿಷ ಸುಮ್ಮನೆ ನಿಂತು ಟಾರ್ಚ್ ಬಿಡಿ, ಮೇಲೆ ಬರ್ತವೆ. ತಟ್ಟೆಗೆ ಹಾಕಿ ನೋಡಿ: ನೀರಿನ ಮೇಲ್ಮೈಗೆ ಸಮನಾಗಿ ಅಡ್ಡ ಮಲಗಿದ್ದರೆ ಅನಾಫಿಲಿಸ್. ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡ್ತಾ ಬಾಲದ ಉಸಿರು ಕೊಳವೆ ಉದ್ದ, ತೆಳ್ಳಗಿದ್ದರೆ ಕ್ಯೂಲೆಕ್ಸ್. ಕೊಳವೆ ಗಿಡ್ಡ, ದಪ್ಪ ಇದ್ದು ಹಾವಿನ ಥರ ಬಳುಕಿ ಓಡಿದರೆ ಈಡಿಸ್. ಮೋರಿ ನೀರಿನಲ್ಲಿ ಸಿಗೋದು ಹೆಚ್ಚಾಗಿ ಕ್ಯೂಲೆಕ್ಸ್, ಡೆಂಗಿಗೂ ಅದಕ್ಕೂ ಸಂಬಂಧ ಇಲ್ಲ. ‘ಮೋರಿ ಕ್ಲೀನ್ ಮಾಡ್ಸಿ’ ಅಂತ ಪಾಲಿಕೆಗೆ ಬರೆಯೋದರಲ್ಲೇ ಡೆಂಗಿ ಕೆಲಸ ಮುಗೀತು ಅಂದುಕೊಳ್ಳೋರು ಬಹಳ.

ಈಡಿಸ್ ಇರೋದು ಮನೆಯ ತಿಳಿ ನೀರಿನಲ್ಲಿ. ಮುಚ್ಚಳ ಸರಿಯಿಲ್ಲದ ಸಂಪು, ಸಿಂಟೆಕ್ಸಿನ ಓವರ್‌ಫ್ಲೋ ಪೈಪು, ದಿನ ಬಿಟ್ಟು ದಿನ ಕಾವೇರಿ ನೀರು ಬರೋ ಕಡೆ ತುಂಬಿಟ್ಟ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಹಿತ್ತಲಲ್ಲಿ ಬಿದ್ದಿರೋ ಒರಳು ಕಲ್ಲು, ತಾರಸಿ ಮೇಲಿನ ಟಯರು. ಕಾಮಗಾರಿಯಲ್ಲಿ ಕ್ಯೂರಿಂಗ್‌ಗೆ ಕಟ್ಟಿದ ನೀರು ಮತ್ತು ಲಿಫ್ಟ್ ಗುಂಡಿ. ಆ ಮೂರು ಕಟ್ಟಡಗಳಿಗೆ ಮೊದಲು ಹೋಗಿ. ಒಂದು ಲಿಫ್ಟ್ ಗುಂಡಿಯಿಂದ ಹೊರಡೋ ಸೊಳ್ಳೆ ನೂರು ಹೂಕುಂಡದಿಂದ ಬರಲ್ಲ. 2024ರ ನಿಯಮದ ಪ್ರಕಾರ ನಗರದಲ್ಲಿ ಕಟ್ಟಡ ಕಾಮಗಾರಿ ಜಾಗಕ್ಕೆ ದಂಡ 2,000 ರೂ., ಮನೆಗೆ 400 ರೂ. ದಂಡ ಹಾಕೋದು ಪಾಲಿಕೆಯ ಕೆಲಸ, ನೀವು ತಾರೀಖು ಇರೋ ಫೋಟೋ ಕೊಡಿ.

ಲೆಕ್ಕ ಹೀಗೆ. ಒಂದು ಚೌಕದಲ್ಲಿ 120 ಮನೆಗೆ ಹೋದಿರಿ, 20ಕ್ಕೆ ಬೀಗ ಅಂತ ಇಟ್ಟುಕೊಳ್ಳಿ. ಒಳಗೆ ನೋಡಿದ್ದು 100, ಅದರಲ್ಲಿ 12 ಮನೇಲಿ ಲಾರ್ವಾ. ನೀರಿದ್ದ ಪಾತ್ರೆ, ತೊಟ್ಟಿ ಒಟ್ಟು 340, ಲಾರ್ವಾ ಇದ್ದವು 17. ಮನೆ ಸೂಚ್ಯಂಕ 12, ಪಾತ್ರೆ ಸೂಚ್ಯಂಕ ಶೇ. 5, ಬ್ರೆಟೊ ಸೂಚ್ಯಂಕ ಅಂದರೆ 100 ಮನೆಗೆ ಲಾರ್ವಾ ಇರೋ ಪಾತ್ರೆ 17. ಬೀಗದ ಮನೆಗಳನ್ನ ಭಾಗಿಸೋ ಸಂಖ್ಯೆಗೆ ಸೇರಿಸಬೇಡಿ, ಸೇರಿಸಿದರೆ ಸುಳ್ಳು ಸಮಾಧಾನ. ಬೀಗ ಇದ್ದವನ್ನ ಭಾನುವಾರ ಬೆಳಿಗ್ಗೆ ಮತ್ತೆ ನೋಡಿ. ಮನೆ ಸೂಚ್ಯಂಕ 10 ದಾಟಿದರೆ ಅಥವಾ ಬ್ರೆಟೊ 50 ದಾಟಿದರೆ ಹೆಚ್ಚು ಅಪಾಯ, 1 ಮತ್ತು 5ಕ್ಕಿಂತ ಕಡಿಮೆ ಇದ್ದರೆ ಕಡಿಮೆ ಅಂತ ಹಳೇ ಗೆರೆ. ಅದನ್ನೇ ನೆಚ್ಚಬೇಡಿ. ಸೂಚ್ಯಂಕ 4 ಇರೋ ಕಡೆಯೂ ಡೆಂಗಿ ಹರಡುತ್ತೆ. ಅದೇ ಚೌಕದಲ್ಲಿ ಹೋದ ವಾರಕ್ಕಿಂತ ಏರಿತೋ ಇಳೀತೋ, ಯಾವ ಪಾತ್ರೆಯಲ್ಲಿ ಹೆಚ್ಚು, ಅದು ಕೆಲಸಕ್ಕೆ ಬರೋ ಮಾಹಿತಿ.

ಕೇಸ್ ಬರೋ ಮುಂಚೆ ಸುಳಿವು ಬೇಕಾದರೆ ಮೊಟ್ಟೆ ಬಲೆ ಇಡಿ. ಅರ್ಧ ಲೀಟರಿನ ಕಪ್ಪು ಪ್ಲಾಸ್ಟಿಕ್ ಲೋಟ, ಮೂರನೇ ಎರಡು ಭಾಗ ನೀರು, ಒಳಗೆ ಒರಟು ಮೈಯ ಹಾರ್ಡ್‌ಬೋರ್ಡ್ ಪಟ್ಟಿ ಅರ್ಧ ಮುಳುಗುವ ಹಾಗೆ. ನೆರಳಲ್ಲಿ, ಮಳೆ ಬೀಳದ ಕಡೆ, ನೆಲಮಟ್ಟದಲ್ಲಿ. ಲೋಟದ ಅಂಚಿನ ಕೆಳಗೆ ಒಂದು ತೂತು ಇರಲಿ, ಇಲ್ಲದಿದ್ದರೆ ನೀರು ಏರಿ ಪಟ್ಟಿ ತೇಲುತ್ತೆ. ವಾರ ಬಿಟ್ಟು ಪಟ್ಟಿ ತೆಗೆದು ಭೂತಕನ್ನಡಿಯಲ್ಲಿ ನೋಡಿದರೆ ನೀರಿನ ಗೆರೆಗೆ ಸ್ವಲ್ಪ ಮೇಲೆ, ಒದ್ದೆ ಜಾಗದಲ್ಲಿ, ಗಸಗಸೆಗಿಂತ ಸಣ್ಣ ಕಪ್ಪು ಮೊಟ್ಟೆಗಳು ಒಂದೊಂದಾಗಿ ಅಂಟಿರ್ತವೆ. ಹತ್ತು ಬಲೆಯಲ್ಲಿ ಎಷ್ಟರಲ್ಲಿ ಮೊಟ್ಟೆ ಇತ್ತು ಅನ್ನೋದೇ ನಿಮ್ಮ ಸಂಖ್ಯೆ. ಏಳನೇ ದಿನ ತೆಗೆಯೋಕಾಗಲ್ಲ ಅಂದರೆ ಬಲೆ ಇಡಲೇಬೇಡಿ. ಮೊಟ್ಟೆಯಿಂದ ಸೊಳ್ಳೆ ಆಗೋಕೆ 7ರಿಂದ 10 ದಿನ ಸಾಕು, ನೀವೇ ಸೊಳ್ಳೆ ಸಾಕಿದ ಹಾಗಾಗುತ್ತೆ. ಪಟ್ಟಿಯನ್ನ ಕುದಿಯೋ ನೀರಿಗೆ ಹಾಕಿ, ಲೋಟ ಉಜ್ಜಿ ತೊಳೆಯಿರಿ. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು ನೀರು ಬಿದ್ದಾಗ ಒಡೆಯುತ್ತೆ. ಡ್ರಮ್ಮನ್ನ ಖಾಲಿ ಮಾಡಿದರೆ ಸಾಲದು, ಒಳಗೋಡೆ ಉಜ್ಜಬೇಕು ಅನ್ನೋದು ಇದಕ್ಕೇ.

ಖಾಲಿ ಮಾಡೋಕಾಗದ ಸಂಪಿಗೆ ಟೆಮಿಫಾಸ್ (ಲಾರ್ವಾ ಕೊಲ್ಲೋ ಔಷಧಿ) ಶೇ. 1ರ ಹರಳು, 100 ಲೀಟರಿಗೆ 10 ಗ್ರಾಂ. 6,000 ಲೀಟರ್ ಸಂಪಿಗೆ 600 ಗ್ರಾಂ ಬರುತ್ತೆ. ಅದನ್ನ ಹಾಕೋದು ಆರೋಗ್ಯ ಇಲಾಖೆಯ ಸಿಬ್ಬಂದಿ, ನೀವಲ್ಲ. ಫಾಗಿಂಗ್‌ಗಾಗಿ ಒತ್ತಾಯ ಮಾಡೋದರಲ್ಲಿ ನಿಮ್ಮ ಶಕ್ತಿ ಕಳೀಬೇಡಿ. ಬೀದಿಯಲ್ಲಿ ಬಿಟ್ಟ ಹೊಗೆ ಮಂಚದ ಕೆಳಗೆ, ಬಟ್ಟೆ ಹಿಂದೆ ಕೂತ ಈಡಿಸ್‌ಗೆ ಅಷ್ಟಾಗಿ ತಾಗಲ್ಲ, ಲಾರ್ವಾಗೆ ಏನೂ ಆಗಲ್ಲ. ಕೇಸ್ ಬಂದ ಮನೆ ಮತ್ತು ಸುತ್ತಲಿನ ಮನೆಗಳ ಒಳಗೆ ಪೈರಿಥ್ರಮ್ (ಸೊಳ್ಳೆ ಕೊಲ್ಲೋ ಔಷಧಿ) ಸಿಂಪಡಣೆ ಕೇಳಿ.

ಉತ್ತರ_ವಾರ್ಡ್

ಕೋವಿಡ್ ಟೈಮಲ್ಲಿ ಚರಂಡಿ ನೀರು ಪರೀಕ್ಷೆ ಮಾಡ್ತಿದ್ರಲ್ಲ, ಡೆಂಗಿಗೂ ಹಾಗೇ ಮಾಡಿದ್ರೆ ಆಗಲ್ವಾ? ಮನೆಮನೆ ಸುತ್ತೋದು ತಪ್ಪುತ್ತೆ.

ಜ್ವರದ_ಲೆಕ್ಕ

ಕೋವಿಡ್ ವೈರಸ್ ಮಲದಲ್ಲಿ ಧಾರಾಳವಾಗಿ ಹೊರಬೀಳುತ್ತದೆ. ಬೆಂಗಳೂರಿನ ಕೊಳಚೆ ಶುದ್ಧೀಕರಣ ಘಟಕಗಳ ಮಾದರಿಗಳಿಂದ ಇಡೀ ನಗರದ ಏರಿಳಿತ ಕಂಡದ್ದು ಅದರಿಂದಲೇ. ಡೆಂಗಿ ವೈರಸ್ ಮುಖ್ಯವಾಗಿ ರಕ್ತದಲ್ಲಿರುತ್ತದೆ, ಚರಂಡಿಗೆ ಸೇರುವುದು ಬಹಳ ಕಡಿಮೆ. ಸಿಕ್ಕಿದರೂ ಒಂದು ಘಟಕಕ್ಕೆ ಸಾವಿರಾರು, ಲಕ್ಷಾಂತರ ಮನೆಗಳ ನೀರು ಬರುತ್ತದೆ. ನಮಗೆ ಬೇಕಾಗಿರುವುದು 100 ಮೀಟರ್. ಸುತ್ತುವುದು ತಪ್ಪುವುದಿಲ್ಲ ಸರ್.

ಬಡಾವಣೆ_ಬಳಗ

ಕೊನೇ ಪ್ರಶ್ನೆ. ಪಿಜಿಗಳಲ್ಲಿ ಜ್ವರ ಬಂದ ಕೂಡಲೇ ಹುಡುಗರು ಊರಿಗೆ ಹೊರಟುಬಿಡ್ತಾರೆ. ಅವರನ್ನ ಹಿಡಿಯೋದು ಹೇಗೆ?

ನಕ್ಷೆಗಾರ

ಪಿಜಿ ಅಡುಗೆಯವರನ್ನ ಕೇಳಿ. ಯಾರು ಎರಡು ದಿನದಿಂದ ಊಟಕ್ಕೆ ಬಂದಿಲ್ಲ, ಯಾರಿಗೆ ಗಂಜಿ ಕೇಳಿದ್ರು ಅನ್ನೋದು ಅವರಿಗೆ ಗೊತ್ತಿರುತ್ತೆ. ಫಾರ್ಮಲ್ಲಿ ‘ಖಾಲಿ ಮಾಡಿದ ದಿನ’ ಅಂತ ಒಂದು ಕಾಲಮ್ ಹಾಕಿ.

ಜ್ವರದ_ಲೆಕ್ಕ

ಹೋದವರಿಗೂ ಫೋನ್ ಮಾಡಿ ಜ್ವರದ ದಿನ ಕೇಳಿ ಬರೆಯಿರಿ, ಚುಕ್ಕೆ ಪಿಜಿ ಇರುವ ಚೌಕದಲ್ಲೇ ಇರಲಿ. ಊರು ಸೇರಿದವರಿಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ. ಜ್ವರದ ಮೊದಲ ಐದು ದಿನದಲ್ಲಿ ಬಸ್ಸು ಹತ್ತಿದ್ದರೆ ಅಲ್ಲಿನ ಸೊಳ್ಳೆಗೂ ವೈರಸ್ ಸಿಕ್ಕಿರಬಹುದು, ಆ ಹಳ್ಳಿಯ ಆಶಾ ಕಾರ್ಯಕರ್ತೆಗೆ ಗೊತ್ತಾಗಬೇಕು. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು ಅಂತಲೂ ಫೋನಿನಲ್ಲೇ ಹೇಳಿಬಿಡಿ: ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಸುಸ್ತು ಇದ್ದರೆ ಆಸ್ಪತ್ರೆಗೆ ಹೋಗಬೇಕು, ಐಬುಪ್ರೊಫೆನ್ ಮತ್ತು ಆಸ್ಪಿರಿನ್ ಮುಟ್ಟಬಾರದು.